ಕಾವಲಿನಿಂದ ಕೊಟ್ಟಿಗೆಗೆ: ನಮ್ಮ ಸೀಮೆಯ ಹಸುವಿನ ಹಗ್ಗ ಗಿಡ್ಡವಾದ ಕತೆ

ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇರುವ ಜಾಗದ ಹೆಸರು ಬಿದರೆಹಳ್ಳ ಕಾವಲ್. 2016ರ ಜನವರಿಯಲ್ಲಿ ಅಡಿಗಲ್ಲು ಬಿತ್ತು, 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು, ಜಾಗ 615 ಎಕರೆ. ಇದೆಲ್ಲ ಪೇಪರಿನಲ್ಲಿ ಬಂದಿದೆ, ನಿಮಗೆ ಗೊತ್ತಿರುವುದೇ. ಹೆಸರಿನ ಕೊನೆಗೆ ಅಂಟಿಕೊಂಡಿರುವ ‘ಕಾವಲ್’ ಎಂಬ ಪದವನ್ನು ಮಾತ್ರ ನಾವು ದಿನಾ ಹೇಳುತ್ತೇವೆ, ಅದು ಏನೆಂದು ಯೋಚಿಸುವುದಿಲ್ಲ. ಕಾವಲ್ ಅಂದರೆ ದನ ಮೇಯಲಿಕ್ಕೆಂದು ಕಾಯ್ದು ಇಟ್ಟ ಹುಲ್ಲುಗಾವಲು. ನಮ್ಮ ಜಿಲ್ಲೆಯ ಊರುಗಳ ಹೆಸರಿನಲ್ಲಿ, ಪಹಣಿಯಲ್ಲಿ ಈ ಪದ ಇನ್ನೂ ಸಿಗುತ್ತದೆ.

ಈಗ ಸಾವಯವ ಹಾಲಿನ ಮಾತು ಜೋರಾಗಿದೆ. ಬೆಂಗಳೂರಿನವರು ಹೆಚ್ಚು ದುಡ್ಡು ಕೊಟ್ಟು ಸಾವಯವ ಹಾಲು ಕೊಳ್ಳುತ್ತಾರೆ. ಜೊತೆಗೆ ಇನ್ನೊಂದು ಮಾತೂ ಮೊಬೈಲಿನಲ್ಲಿ ಓಡಾಡುತ್ತಿದೆ: ಹಾಲು ಕರೆಯುವುದೇ ಹಸುವಿಗೆ ಹಿಂಸೆ, ಕಟ್ಟಿಹಾಕಿ ಸಾಕುವುದು ಕ್ರೌರ್ಯ ಅಂತ. ಇದನ್ನು ಕೇಳಿದರೆ ಹಳ್ಳಿಯವರಿಗೆ ಸಿಟ್ಟು ಬರುತ್ತದೆ. ‘ಹಸು ನಮಗೆ ದೇವರು, ನಮಗೇ ಪಾಠ ಹೇಳ್ತಾರಾ’ ಎನ್ನುತ್ತಾರೆ. ಎರಡೂ ಕಡೆಯವರು ಹಸುವಿನ ಕೊರಳಿನ ಹಗ್ಗ ನೋಡುತ್ತಾರೆ. ಆ ಹಗ್ಗ ಯಾವಾಗ, ಯಾಕೆ ಇಷ್ಟು ಗಿಡ್ಡವಾಯ್ತು ಎಂದು ಕೇಳುವವರು ಕಡಿಮೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಮುನ್ನೂರು ವರ್ಷದ ಕತೆ ಹಿಡಿದು ನಾವು ಅದನ್ನೇ ಕೇಳಲು ಹೊರಟಿದ್ದೇವೆ.

ಹಾಗಲವಾಡಿಯ ದನ, ಅರಮನೆಯ ಬೆಣ್ಣೆ

ಹಾಗಲವಾಡಿ ಈಗ ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ. ಒಂದು ಕಾಲಕ್ಕೆ ಅದು ಪಾಳೆಯಗಾರರ ಸಂಸ್ಥಾನ. ಮೈಸೂರು ಸೀಮೆಯ ದನದ ಚರಿತ್ರೆಯಲ್ಲಿ ಈ ಊರಿಗೆ ದೊಡ್ಡ ಜಾಗ ಇದೆ. ದೇಶಕ್ಕೆಲ್ಲ ಹೆಸರಾದ ಅಮೃತಮಹಲ್ ತಳಿ ಮೂರು ಬಗೆಯ ದನಗಳಿಂದ ಬಂತು ಎನ್ನುತ್ತಾರೆ: ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ. ಮೂರರಲ್ಲಿ ಒಂದಕ್ಕೆ ನಮ್ಮ ಊರಿನದೇ ಹೆಸರು.

ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಅರಮನೆಯ ದನಗಳಿಗೆಂದೇ ಒಂದು ಇಲಾಖೆ ಮಾಡಿದರು. ಅದರ ಹೆಸರು ‘ಬೆಣ್ಣೆ ಚಾವಡಿ’. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸ. ಬೇರೆ ಬೇರೆ ಕಡೆ ಕಾವಲುಗಳನ್ನು ಗೊತ್ತುಮಾಡಿ ಮಂದೆಗಳನ್ನು ಬಿಟ್ಟರು. ಮುಂದೆ ಹೈದರಾಲಿ ಬಂದ. ಅವನಿಗೆ ಬೆಣ್ಣೆಗಿಂತ ಎತ್ತು ಮುಖ್ಯವಾಯ್ತು. ಫಿರಂಗಿ ಎಳೆಯಬೇಕು, ಮದ್ದುಗುಂಡು ಸಾಗಿಸಬೇಕು. ಈ ಎತ್ತುಗಳನ್ನು ನೆಚ್ಚಿಕೊಂಡು ಹೈದರನ ಸೈನ್ಯ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತು ಎಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಟಿಪ್ಪು ಸುಲ್ತಾನ ಇಲಾಖೆಯ ಹೆಸರನ್ನು ‘ಅಮೃತಮಹಲ್’ ಎಂದು ಬದಲಿಸಿದ, ದನ ಸಾಕುವುದು ಹೇಗೆಂದು ಹುಕುಂನಾಮೆಯನ್ನೇ ಹೊರಡಿಸಿದ.

ಅದೇ ಕಾಲದಲ್ಲಿ ಕುಣಿಗಲ್ಲಿನಲ್ಲಿ ಕುದುರೆ ಫಾರಂ ಶುರುವಾಯ್ತು. ಸೈನ್ಯಕ್ಕೆ ಕುದುರೆ ಬೇಕಿತ್ತು, ಕೆರೆಯ ನೀರಿತ್ತು, ಹುಲ್ಲಿತ್ತು. ಮುಂದೆ ಅದೇ ಫಾರಂ ರೇಸಿನ ಕುದುರೆಗಳಿಗೆ ಹೆಸರಾಯ್ತು. 1992ರಲ್ಲಿ ಅದನ್ನು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟರು. ಗುಬ್ಬಿ ಸೀಮೆಯ ಎತ್ತು, ಕುಣಿಗಲ್ಲಿನ ಕುದುರೆ ಎರಡೂ ಯುದ್ಧದ ಕೆಲಸಕ್ಕೇ ಬೆಳೆದವು. ಪ್ರಾಣಿಯನ್ನು ಚೆನ್ನಾಗಿ ನೋಡಿಕೊಂಡದ್ದು ನಿಜ. ಹಾಗೆ ನೋಡಿಕೊಳ್ಳಲು ರಾಜನಿಗೆ ಕಾರಣ ಇತ್ತು ಎಂಬುದೂ ಅಷ್ಟೇ ನಿಜ.

ಬೇಸಿಗೆಗೆ ಒಂದು ಕಾವಲು, ಮಳೆಗೆ ಒಂದು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಮಂದೆಗಳು ಬ್ರಿಟಿಷರ ಕೈಗೆ ಬಂದವು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯನ್ನು ಇಲಾಖೆಗೆ ಹಾಕಿದರು, ಹುಣಸೂರಿನಲ್ಲಿ ಕಚೇರಿ ನಡೆಯಿತು. 1860ರಲ್ಲಿ ಖರ್ಚು ಜಾಸ್ತಿಯಾಯ್ತು ಎಂದು ಸರ್ಕಾರ ಮಂದೆಯನ್ನೇ ಮಾರಿಬಿಟ್ಟಿತು. ಆರೇಳು ವರ್ಷದಲ್ಲಿ ಒಳ್ಳೆಯ ಎತ್ತು ಸಿಗದೆ ಮತ್ತೆ ಮಂದೆ ಕಟ್ಟಬೇಕಾಯ್ತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ವಾಪಸ್ ಬಂತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಈಗಲೂ ಇರುವ ಅಮೃತಮಹಲ್ ತಳಿ ಕೇಂದ್ರ 1929ರದ್ದು. ನಮ್ಮ ಜಿಲ್ಲೆಯ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲೂ ಇದೇ ತಳಿಯ ಕೇಂದ್ರವಿದೆ.

ಈ ವ್ಯವಸ್ಥೆಯಲ್ಲಿ ನಾವು ಗಮನಿಸಬೇಕಾದ್ದು ಕಾವಲುಗಳನ್ನು ಹಂಚಿದ ರೀತಿ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆ. ಬೇಸಿಗೆಯಲ್ಲಿ ದನಗಳನ್ನು ಕೆರೆಯಂಗಳ, ನೆರಳು, ಹಸಿಹುಲ್ಲು ಇರುವ ಕಡೆಗೆ ಹೊಡೆಯುವರು. ಮಳೆ ಬಿದ್ದರೆ ಹುಲ್ಲು ಚಿಗುರುವ ಮೈದಾನಕ್ಕೆ. ಒಂದು ಕಡೆ ಮೇದ ಹುಲ್ಲು ಮತ್ತೆ ಬೆಳೆಯಲು ತಿಂಗಳುಗಟ್ಟಲೆ ಬಿಡುವು ಸಿಗುತ್ತಿತ್ತು. ಹಿಂಡಿ ಇಲ್ಲ, ಗೊಬ್ಬರ ಇಲ್ಲ, ಔಷಧಿ ಇಲ್ಲ. ಇವತ್ತಿನ ಭಾಷೆಯಲ್ಲಿ ಅದು ನೂರಕ್ಕೆ ನೂರು ಸಾವಯವ. ಅದನ್ನು ನಡೆಸಿದ್ದು ಯಾವ ಲೇಬಲ್ಲೂ ಅಲ್ಲ, ಲಕ್ಷಾಂತರ ಎಕರೆ ಬಯಲು.

ಸರ್ಕಾರಿ ಮಂದೆಗಳ ಆಚೆಗೆ ಜನರ ಮಂದೆಗಳಿದ್ದವು. ಶಿರಾ ಸೀಮೆಯ ಕಾಡುಗೊಲ್ಲರು ದನ ಕಾದ ಜುಂಜಪ್ಪನನ್ನು ದೇವರೆಂದು ಪೂಜಿಸುತ್ತಾರೆ. ಊರೂರಿಗೂ ಗೋಮಾಳ ಇತ್ತು. ಬೆಳಿಗ್ಗೆ ಊರ ದನವೆಲ್ಲ ಒಟ್ಟಾಗಿ ಹೊರಟರೆ ಗೋಧೂಳಿ ಹೊತ್ತಿಗೆ ವಾಪಸ್. ಹಗ್ಗ ರಾತ್ರಿಗೆ ಮಾತ್ರ. ಹಗಲೆಲ್ಲ ಹಸು ತನಗೆ ಬೇಕಾದ ಕಡೆ ತಿರುಗಿ, ಬೇಕಾದ ಹುಲ್ಲು ಹುಡುಕಿ, ಮರದಡಿ ಮಲಗಿ ಮೆಲುಕು ಹಾಕುತ್ತಿತ್ತು.

ಆಗ ಎಲ್ಲವೂ ಚೆನ್ನಾಗಿತ್ತೇ?

ಇಲ್ಲ. ಹಳೆಯ ಕಾಲವನ್ನು ಸ್ವರ್ಗ ಮಾಡಿ ತೋರಿಸಿದರೆ ಹಳ್ಳಿಯ ಹಿರಿಯರೇ ನಗುತ್ತಾರೆ. ಮೂಗು ಚುಚ್ಚಿ ಮೂಗುದಾರ ಹಾಕುತ್ತಿದ್ದರು. ಅರಿವಳಿಕೆ ಇಲ್ಲದೆ ಹೋರಿಯ ಬೀಜ ಒಡೆಯುತ್ತಿದ್ದರು. ಕಾಯಿಲೆ ಬಂದರೆ ಬರೆ ಹಾಕುತ್ತಿದ್ದರು. ಬರ ಬಂದರೆ ದನ ಮೂಳೆ ಚಕ್ಕಳವಾಗಿ ಸಾಯುತ್ತಿತ್ತು. ಕಾಲುಬಾಯಿ ಜ್ವರಕ್ಕೆ ಲಸಿಕೆ ಇರಲಿಲ್ಲ. ಬಯಲು ಇದ್ದ ಮಾತ್ರಕ್ಕೆ ನೋವು ಇರಲಿಲ್ಲ ಎನ್ನಲಾಗದು.

ಪ್ರಾಣಿಹಿಂಸೆಯ ಚರ್ಚೆ ಹೊರಗಿನಿಂದ ಬಂದದ್ದು ಎಂಬ ಮಾತೂ ಪೂರ್ತಿ ಸರಿಯಲ್ಲ. ಅದರ ದೊಡ್ಡ ಅಧ್ಯಾಯ ಒಂದು ನಮ್ಮ ಪಕ್ಕದ ಬೆಂಗಳೂರಿನಲ್ಲೇ ನಡೆದಿದೆ. ಕಲ್ಕತ್ತೆಯಂಥ ನಗರಗಳಲ್ಲಿ ‘ಫೂಕಾ’ ಎಂಬ ಕೆಟ್ಟ ಪದ್ಧತಿ ಇತ್ತು. ಹಾಲು ಸೊರೆ ಬಿಡಲೆಂದು ಹಸು ಎಮ್ಮೆಗಳ ಗುಪ್ತಾಂಗಕ್ಕೆ ಗಾಳಿ ಊದುವುದು. ಗಾಂಧೀಜಿ ಹಾಲು ಬಿಡಲು ಇದೂ ಒಂದು ಕಾರಣವಾಯ್ತು. 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಾಲು ಬಿಟ್ಟವರು, ಮುಂದೆ ಕಾಯಿಲೆ ಬಿದ್ದಾಗ ಆಡಿನ ಹಾಲಿಗೆ ಮಾತ್ರ ಒಪ್ಪಿದರು.

ಇದೇ ಗಾಂಧೀಜಿ 1927ರ ಜೂನ್‌ನಲ್ಲಿ, ನಂದಿಬೆಟ್ಟದಲ್ಲಿ ವಿಶ್ರಾಂತಿ ಮುಗಿಸಿ ಬೆಂಗಳೂರಿಗೆ ಬಂದಾಗ, ಅಲ್ಲಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಹಸು ಸಾಕಣೆ ಕಲಿತರು. ಹಾಲು ಬಿಟ್ಟ ಮನುಷ್ಯ ಡೈರಿ ಕಲಿಯಲು ಯಾಕೆ ಹೋದರು? ಅವರ ವಾದ ಸರಳವಾಗಿತ್ತು. ಹಸುವನ್ನು ಪೂಜಿಸಿದರೆ ಸಾಲದು, ಸಾಕುವವನಿಗೆ ಸಾಕುವ ಶಕ್ತಿ ಬರಬೇಕು. ಒಳ್ಳೆಯ ಮೇವು, ಒಳ್ಳೆಯ ತಳಿ, ಶುದ್ಧ ಕೊಟ್ಟಿಗೆ, ಸತ್ತ ದನದ ಚರ್ಮಕ್ಕೂ ಸರಿಯಾದ ಬೆಲೆ, ಇವೆಲ್ಲ ಇದ್ದರೆ ಮಾತ್ರ ಗೊಡ್ಡು ಹಸುವೂ ಉಳಿಯುತ್ತದೆ ಎಂದು ಅವರು ಬರೆದರು. ಹಸುವಿನ ಸುಖಕ್ಕೂ ರೈತನ ಜೇಬಿಗೂ ಇರುವ ನಂಟನ್ನು ಇಷ್ಟು ನೇರವಾಗಿ ಹೇಳಿದವರು ಕಡಿಮೆ.

ಪ್ರಾಣಿಹಿಂಸೆ ತಡೆಗೆ ದೇಶದಲ್ಲಿ 1890ರಲ್ಲೇ ಒಂದು ಕಾನೂನು ಬಂದಿತ್ತು. ಸ್ವತಂತ್ರ ಭಾರತದಲ್ಲಿ ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹೊಸ ಮಸೂದೆ ಮಂಡಿಸಿದರು. ಅದರ ಫಲವಾಗಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅದರ 12ನೇ ಕಲಂ ಫೂಕಾವನ್ನೂ, ಹಾಲು ಹೆಚ್ಚಿಸಲು ಹಸುವಿನ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದನ್ನೂ ಅಪರಾಧ ಎನ್ನುತ್ತದೆ. 11ನೇ ಕಲಂನಲ್ಲಿ ಒಂದು ಸಾಲಿನ ಅರ್ಥ ಹೀಗಿದೆ: ತೀರಾ ಗಿಡ್ಡ ಅಥವಾ ತೀರಾ ಭಾರದ ಹಗ್ಗ, ಸರಪಳಿಯಲ್ಲಿ ಪ್ರಾಣಿಯನ್ನು ಹೆಚ್ಚು ಹೊತ್ತು ಕಟ್ಟಿಹಾಕುವುದು ಹಿಂಸೆ. ಹಗ್ಗದ ಉದ್ದ ಕಾನೂನಿನ ವಿಷಯ ಎಂಬುದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಎಂದು ಬರೆದಿದ್ದರಿಂದ ಆ ಸಾಲಿಗೆ ಯಾರೂ ಹೆದರಲೂ ಇಲ್ಲ.

ಡೈರಿ ಬಂತು, ಬದುಕು ಬದಲಾಯ್ತು

1969ರಲ್ಲಿ ಡೆನ್ಮಾರ್ಕ್ ನೆರವಿನಿಂದ ಹೆಸರಘಟ್ಟದಲ್ಲಿ ವೀರ್ಯವನ್ನು ಶೀತಲೀಕರಿಸಿ ಇಡುವ ಕೇಂದ್ರ ಬಂತು. 1974ರಲ್ಲಿ ಕರ್ನಾಟಕ ಹಾಲು ಅಭಿವೃದ್ಧಿ ನಿಗಮ ಹುಟ್ಟಿತು, ವಿಶ್ವಬ್ಯಾಂಕ್ ಸಾಲದಿಂದ ಹಳೆ ಮೈಸೂರಿನ ಜಿಲ್ಲೆಗಳಲ್ಲಿ ಹಾಲಿನ ಸಂಘಗಳು ಶುರುವಾದವು. 1977ರಲ್ಲಿ ತುಮಕೂರು ಹಾಲು ಒಕ್ಕೂಟ ಬಂತು. ಮಲ್ಲಸಂದ್ರದ ಡೈರಿ ನಮ್ಮ ಹಾಲಿನ ಲಾರಿಗಳಿಗೆಲ್ಲ ತಲುಪುದಾಣವಾಯ್ತು. 1984ರಲ್ಲಿ ನಿಗಮ ಹೋಗಿ ಕೆಎಂಎಫ್ ಆಯ್ತು, ನಂದಿನಿ ಮನೆಮಾತಾಯ್ತು.

ಇದರಿಂದ ಆದ ಒಳಿತನ್ನು ಸಣ್ಣದು ಮಾಡಬಾರದು. ಮಳೆ ಕೈಕೊಟ್ಟ ವರ್ಷವೂ ಬಟವಾಡೆ ತಪ್ಪಲಿಲ್ಲ. ಎರಡು ಎಕರೆ ಖುಷ್ಕಿ ಇರುವವರ ಮನೆಯಲ್ಲಿ ಮಕ್ಕಳ ಫೀಸು, ಔಷಧಿ, ಸಂಘದ ಕಂತು ನಡೆದದ್ದು ಹಾಲಿನಿಂದ. ಎಷ್ಟೋ ಹೆಣ್ಣುಮಕ್ಕಳ ಕೈಗೆ ಮೊದಲ ಬಾರಿಗೆ ಸ್ವಂತ ದುಡ್ಡು ಬಂದದ್ದು ಡೈರಿಯಿಂದ. 2008ರಲ್ಲಿ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿತು, ಅದು 5 ರೂಪಾಯಿಗೆ ಏರಿತು.

ಲೆಕ್ಕವನ್ನೂ ನೋಡಬೇಕು. ಹಳ್ಳಿಕಾರ್ ಹಸು ಒಂದು ಸೂಲಿಗೆ ಸರಾಸರಿ 500–600 ಲೀಟರ್ ಹಾಲು ಕೊಟ್ಟೀತು. ಅದನ್ನು ಬೆಳೆಸಿದ್ದೇ ಎತ್ತಿಗಾಗಿ. ಎಚ್‌ಎಫ್ ಮಿಶ್ರತಳಿ ಅದರ ನಾಲ್ಕೈದು ಪಟ್ಟು ಕೊಡುತ್ತದೆ. ಸಾಲ ತೀರಿಸಬೇಕಾದವರು ಯಾವುದನ್ನು ಕಟ್ಟುತ್ತಾರೆ? ಸೀಮೆಹಸು ಕೊಟ್ಟಿಗೆಗೆ ಬಂದದ್ದು ಹೀಗೆ.

ಸೀಮೆಹಸುವಿನ ಮೂಲ ಯುರೋಪಿನ ತಂಪು ದೇಶ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ತೇಕುತ್ತದೆ. ಉಣ್ಣೆ ಹತ್ತಿದರೆ ಜ್ವರ ಬರುತ್ತದೆ. ಅದಕ್ಕೇ ಹೊರಗೆ ಬಿಡುವುದು ನಿಂತಿತು. ಮೇವು ಹಸುವಿನ ಹತ್ತಿರ ಬಂತು, ಹಸು ಮೇವಿನ ಹತ್ತಿರ ಹೋಗುವುದು ನಿಂತಿತು. ಸಿಮೆಂಟು ನೆಲ, ಒಂದು ಗೂಟ, ಮೊಳ ಎರಡು ಮೊಳ ಹಗ್ಗ. ಕೆಚ್ಚಲು ಬಾವು, ಗೊರಸಿನ ಹುಣ್ಣು, ಬೆದೆಗೆ ಬಾರದಿರುವುದು ಮನೆಮನೆಯ ಮಾತಾದವು. 2013ರಲ್ಲಿ ಕಾಲುಬಾಯಿ ಜ್ವರ ರಾಜ್ಯವನ್ನೇ ಆವರಿಸಿದಾಗ ಹೆಚ್ಚು ಏಟು ತಿಂದದ್ದು ಮಿಶ್ರತಳಿಯೇ. 2022ರಲ್ಲಿ ಚರ್ಮಗಂಟು ರೋಗ ಮತ್ತೆ ಕಾಡಿತು.

ಗೋಮಾಳ ಎಲ್ಲಿ ಹೋಯ್ತು?

ಎಲ್ಲ ತಪ್ಪನ್ನೂ ಸೀಮೆಹಸುವಿನ ಮೇಲೆ ಹಾಕುವುದು ಸುಲಭ. ಆದರೆ ಇವತ್ತು ನಾಟಿ ಹಸುವೂ ಹಗಲೆಲ್ಲ ಗೂಟದಲ್ಲೇ ಇದೆ. ಯಾಕೆಂದರೆ ಬಿಡಲು ಜಾಗ ಇಲ್ಲ.

ಕರ್ನಾಟಕ ಭೂ ಕಂದಾಯ ನಿಯಮ 1966ರ 97ನೇ ನಿಯಮ ಹೇಳುವುದು: ಪ್ರತಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಿಮ್ಮ ಊರಲ್ಲಿ 200 ರಾಸು ಇದ್ದರೆ 60 ಎಕರೆ. ಈಗ ಕಣ್ಣುಮುಚ್ಚಿ ನಿಮ್ಮೂರಿನ ಗೋಮಾಳ ನೆನಪಿಸಿಕೊಳ್ಳಿ. ಅಲ್ಲಿ ಶಾಲೆ, ಆಶ್ರಯ ಮನೆ, ಸ್ಮಶಾನ, ಕಲ್ಲು ಕ್ವಾರಿ, ನೀಲಗಿರಿ ತೋಪು, ಯಾರದೋ ತೆಂಗಿನ ತೋಟ, ಯಾವುದೋ ಲೇಔಟ್ ಇರಬಹುದು.

ಇದರಲ್ಲಿ ಎಲ್ಲವೂ ದುರಾಸೆ ಅಲ್ಲ. 1991ರಿಂದ ಬಗರ್‌ಹುಕುಂ ಅರ್ಜಿಗಳು ಬಂದವು, ಫಾರಂ 50, 53, ಆಮೇಲೆ 2018ರಲ್ಲಿ 57. ಗೇಣು ಭೂಮಿಯೂ ಇಲ್ಲದ ಎಷ್ಟೋ ಬಡ ಕುಟುಂಬಗಳು, ಅದರಲ್ಲೂ ದಲಿತ ಕುಟುಂಬಗಳು, ಮೊದಲ ಬಾರಿ ಪಹಣಿಯಲ್ಲಿ ತಮ್ಮ ಹೆಸರು ಕಂಡದ್ದು ಇಂಥ ಜಮೀನಿನಲ್ಲೇ. ಅವರಿಂದ ಕಿತ್ತು ಹಸುವಿಗೆ ಕೊಡಿ ಎಂದು ನಾವು ಹೇಳಲಾರೆವು. ಬಡವನ ಎರಡು ಎಕರೆಗೂ ಬಲಾಢ್ಯನ ಇಪ್ಪತ್ತು ಎಕರೆ ಬೇಲಿಗೂ ವ್ಯತ್ಯಾಸ ಇದೆ ಎಂದಂತೂ ಹೇಳಬಲ್ಲೆವು. 2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಇದನ್ನೇ ಹೇಳಿತು: ಊರಿನ ಸಾಮೂಹಿಕ ಜಾಗದ ಒತ್ತುವರಿ ತೆರವು ಮಾಡಿ ಊರಿಗೆ ಕೊಡಿ, ಭೂಹೀನರಿಗೆ ಕೊಟ್ಟಂಥ ಜಮೀನಿಗೆ ಮಾತ್ರ ವಿನಾಯಿತಿ ಇರಲಿ.

ಇನ್ನೊಂದು ಬದಲಾವಣೆ ಹೊಲದಲ್ಲೇ ಆಯ್ತು. ಗೊರೂರಿನ ಹೇಮಾವತಿ ನೀರು ಕಾಲುವೆಯಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಕಡೆಗೆ ಬಂತು, ಕೊಳವೆಬಾವಿ ಬಂತು, ಅಡಿಕೆಗೆ ಬೆಲೆ ಬಂತು. ರಾಗಿ ಹೊಲ ಅಡಿಕೆ ತೋಟವಾದ ಕಡೆ ರಾಗಿಹುಲ್ಲಿನ ಬಣವೆ ಕರಗಿತು. ಹುಲ್ಲನ್ನೂ ದುಡ್ಡು ಕೊಟ್ಟು ತರಬೇಕಾದಾಗ ಹಸು ಸಾಕುವ ಖರ್ಚು ಏರಿತು. ಖರ್ಚು ಏರಿದರೆ ಪ್ರತಿ ಲೀಟರೂ ಮುಖ್ಯ. ಪ್ರತಿ ಲೀಟರೂ ಮುಖ್ಯವಾದಾಗ ಮೊದಲ ಪೆಟ್ಟು ಬೀಳುವುದು ಕರುವಿನ ಪಾಲಿಗೆ.

ಗಂಡುಕರುವಿನ ಪ್ರಶ್ನೆ

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಪರಿಷೆಗೆ ಹೋದವರು ಹಳ್ಳಿಕಾರ್ ಜೋಡಿಗಳ ಮೆರವಣಿಗೆ ನೋಡಿರುತ್ತೀರಿ. ಕೊಂಬಿಗೆ ಅಣಸು, ಕೊರಳಿಗೆ ಹಾರ, ಮೈಗೆ ಎಣ್ಣೆ, ಮುಂದೆ ವಾದ್ಯ. 2000ದಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ಚಿತ್ರದ ಅಂಚೆಚೀಟಿಯನ್ನೇ ತಂದಿತು. ಅದೇ ಊರಿನ ಕೊಟ್ಟಿಗೆಯಲ್ಲಿ ಹುಟ್ಟಿದ ಎಚ್‌ಎಫ್ ಗಂಡುಕರುವಿನ ಗತಿ ಏನು? ಅದರ ಬಗ್ಗೆ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಹಾಲಿಗೆ ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಳ್ಳಿ. ಕರು ದಿನಕ್ಕೆ 3 ಲೀಟರ್ ಕುಡಿದರೆ 105 ರೂಪಾಯಿ. ಎರಡು ತಿಂಗಳಿಗೆ 6,300. ಹೆಣ್ಣುಕರುವಾದರೆ ಇದು ಬಂಡವಾಳ. ಗಂಡಾದರೆ ಉಳುಮೆಗೆ ಟ್ರ್ಯಾಕ್ಟರ್ ಇದೆ, ಬೆದೆಗೆ ಸೂಜಿ ಇದೆ, ಕರುವಿಗೆ ಕೆಲಸವೇ ಇಲ್ಲ. ದೇಶದ ಜಾನುವಾರು ಗಣತಿ ಇದನ್ನು ಎರಡೇ ಸಂಖ್ಯೆಯಲ್ಲಿ ಹೇಳುತ್ತದೆ. 2012ರಿಂದ 2019ರ ಒಳಗೆ ಹಸು, ಕಡಸುಗಳ ಸಂಖ್ಯೆ ಸುಮಾರು 12.3 ಕೋಟಿಯಿಂದ 14.5 ಕೋಟಿಗೆ ಏರಿತು. ಎತ್ತು, ಹೋರಿ, ಗಂಡುಕರುಗಳ ಸಂಖ್ಯೆ ಸುಮಾರು 6.8 ಕೋಟಿಯಿಂದ 4.7 ಕೋಟಿಗೆ ಇಳಿಯಿತು. ಏಳು ವರ್ಷದಲ್ಲಿ ಎರಡು ಕೋಟಿಗೂ ಹೆಚ್ಚು ಕಡಿಮೆ.

ಗೋಹತ್ಯೆ ಕಾನೂನಿನ ಬಗ್ಗೆ ನಮ್ಮ ಓದುಗರಲ್ಲೇ ಎರಡು ಅಭಿಪ್ರಾಯ ಇದೆ. 1964ರ ಮೈಸೂರು ಕಾಯ್ದೆಯಲ್ಲಿ ಹಸು, ಕರು ಕಡಿಯುವಂತಿರಲಿಲ್ಲ, 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತಿಗೆ ಅನುಮತಿ ಸಿಗುತ್ತಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಎತ್ತು, ಹೋರಿಯನ್ನೂ ನಿಷೇಧದೊಳಗೆ ತಂದಿತು. ಕಾನೂನು ಬೇಕು ಎನ್ನುವವರೂ ಬೇಡ ಎನ್ನುವವರೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಹುಟ್ಟಿದ ಎರಡನೇ ದಿನದಿಂದ ಗಂಡುಕರುವಿಗೆ ಹಾಲು, ಹುಲ್ಲು ಯಾರು ಕೊಡುತ್ತಾರೆ? ಹೊಟ್ಟೆಗಿಲ್ಲದೆ ಸೊರಗಿ ಸಾಯುವುದನ್ನು ಯಾವ ಕಾನೂನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಣ್ಣುಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಈಗ ಸಿಗುತ್ತಿದೆ, ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ ಹುಟ್ಟುತ್ತದೆ. ಅದರಿಂದ ಗಂಡುಕರುವಿನ ಸಂಕಟ ಕಡಿಮೆಯಾದೀತು. ಮುದಿ ಹಸುವಿನ ಪ್ರಶ್ನೆ ಹಾಗೇ ಉಳಿಯುತ್ತದೆ.

ಸಾವಯವ ಅಂದರೆ ಹಗ್ಗ ಉದ್ದವಾಗುವುದೇ?

ಪ್ರಪಂಚದ ಕಡೆ ಒಮ್ಮೆ ನೋಡೋಣ. 1964ರಲ್ಲಿ ರೂತ್ ಹ್ಯಾರಿಸನ್ ಎಂಬ ಬ್ರಿಟಿಷ್ ಹೆಣ್ಣುಮಗಳು ಕಾರ್ಖಾನೆಯಂಥ ಪಶುಸಾಕಣೆಯ ಬಗ್ಗೆ ಪುಸ್ತಕ ಬರೆದಳು. ಮರುವರ್ಷ ಬ್ರಾಂಬೆಲ್ ಸಮಿತಿ ವರದಿ ಕೊಟ್ಟಿತು: ಪ್ರಾಣಿಗೆ ಕನಿಷ್ಠ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕಾಲು ಚಾಚಲು ಜಾಗ ಬೇಕು. ಇದೇ ಮುಂದೆ ‘ಐದು ಸ್ವಾತಂತ್ರ್ಯ’ ಎಂದಾಯ್ತು: ಹಸಿವು ಬಾಯಾರಿಕೆ ಇಲ್ಲದಿರುವುದು, ತೊಂದರೆಯಿಲ್ಲದ ಜಾಗ, ನೋವು ಕಾಯಿಲೆಗೆ ಚಿಕಿತ್ಸೆ, ಭಯವಿಲ್ಲದಿರುವುದು, ತನ್ನ ಸ್ವಭಾವದಂತೆ ನಡೆಯುವ ಅವಕಾಶ. 2014ರಲ್ಲಿ ಜಲ್ಲಿಕಟ್ಟು, ಎತ್ತಿನ ಓಟದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ಐದನ್ನೂ ಎತ್ತಿ ಹೇಳಿತು. 2017ರಲ್ಲಿ ಕರ್ನಾಟಕ ಕಂಬಳ, ಎತ್ತಿನ ಗಾಡಿ ಓಟಕ್ಕೆ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಕೋರ್ಟ್ ಅದನ್ನು ಒಪ್ಪಿತು. ವರ್ಷಕ್ಕೆ ಎರಡು ದಿನ ಓಡುವ ಎತ್ತಿನ ಬಗ್ಗೆ ಇಷ್ಟು ವಾದ ನಡೆಯಿತು. 365 ದಿನ ನಿಂತಲ್ಲೇ ನಿಲ್ಲುವ ಹಸುವಿನ ಬಗ್ಗೆ ಅಷ್ಟು ನಡೆಯಲಿಲ್ಲ.

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ. ಗುಬ್ಬಿಯ ನೆರೆಯ ತಿಪಟೂರಿನಲ್ಲಿ 2010ರಲ್ಲಿ ಶುರುವಾದ ಅಕ್ಷಯಕಲ್ಪ ಸಂಸ್ಥೆ ರೈತರಿಂದ ಸಾವಯವ ಹಾಲು ಪಡೆದು ನಗರಕ್ಕೆ ಕಳಿಸುತ್ತದೆ. ಹಸುವನ್ನು ಕಟ್ಟದೆ ಕೊಟ್ಟಿಗೆಯೊಳಗೆ ಬಿಟ್ಟು ಸಾಕುವುದು, ಸ್ವಂತ ಜಮೀನಿನ ಮೇವು, ಗೋಬರ್ ಗ್ಯಾಸ್ ಅಲ್ಲಿನ ರೀತಿ. ಅಂತರರಾಷ್ಟ್ರೀಯ ಸಾವಯವ ನಿಯಮಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ರಾಸಾಯನಿಕ ಹಾಕದ ಮೇವು, ಓಡಾಡಲು ಜಾಗ, ಬೆಳವಣಿಗೆಗೆಂದು ಹಾರ್ಮೋನ್ ಇಲ್ಲ, ಆ್ಯಂಟಿಬಯಾಟಿಕ್ ಕೊಟ್ಟರೆ ಹಾಲನ್ನು ದೂರವಿಡುವ ಅವಧಿ ಮಾಮೂಲಿಗಿಂತ ದುಪ್ಪಟ್ಟು.

ಇಲ್ಲಿ ಒಂದು ಮಾತು ಮುಖ್ಯ. ಸಾವಯವ ಎಂದು ಕಾಯಿಲೆ ಹಸುವಿಗೆ ಔಷಧಿ ತಪ್ಪಿಸುವಂತಿಲ್ಲ. ಹಸು ಸಾವಯವ ಪಟ್ಟಿಯಿಂದ ಹೊರಗೆ ಹೋದರೂ ಸರಿ, ಚಿಕಿತ್ಸೆ ಕೊಡಲೇಬೇಕು ಎಂದು ಅದೇ ನಿಯಮ ಹೇಳುತ್ತದೆ. ಕೆಚ್ಚಲು ಬಾವಿನ ಹಸುವಿಗೆ ಅರಿಸಿನ, ಲೋಳೆಸರ ಹಚ್ಚಿ, ವಾಸಿಯಾಗದಿದ್ದರೂ ಡಾಕ್ಟರನ್ನು ಕರೆಯದೆ ಕೂತರೆ ಅದು ಸಾವಯವ ಅಲ್ಲ, ಹಿಂಸೆ.

ಸಾವಯವ ನಿಯಮ ಪಾಲಿಸಲು ಜಾಗ ಬೇಕು, ಸ್ವಂತ ಮೇವು ಬೇಕು, ಹೆಚ್ಚಿನ ಬೆಲೆ ಕೊಡುವ ಗಿರಾಕಿ ಬೇಕು. ಮೂರು ಎಕರೆ ನೀರಾವರಿ ಇರುವವರಿಗೆ ಇದು ಆದೀತು. ಮನೆ ಮುಂದಿನ ಜಗಲಿ ಪಕ್ಕದಲ್ಲಿ ಎರಡು ಹಸು ಕಟ್ಟಿರುವ ವಿಧವೆ ತಾಯಿಗೆ ಹೇಗೆ ಆದೀತು? ಅವರ ಹಸುವಿಗೆ ಓಡಾಡುವ ಜಾಗ ಅಂದರೆ ಗೋಮಾಳ ಒಂದೇ. ಕಾವಲು, ಗೋಮಾಳ ಹೋದ ಮೇಲೆ ಹಸುವಿನ ಸುಖ ಜಮೀನಿದ್ದವರ ಸ್ವತ್ತಾಯ್ತು. ಚರಿತ್ರೆಯಿಂದ ನಮಗೆ ಕಂಡದ್ದು ಇಷ್ಟು.

ನಮ್ಮ ಕೈಲಿ ಆಗುವುದೇನು?

ಕೆಲವಕ್ಕೆ ದುಡ್ಡು ಹೆಚ್ಚು ಬೇಡ. ಹಗ್ಗ ಎರಡು ಮೊಳ ಉದ್ದ ಮಾಡಬಹುದು. ಹಸು ದಿನದ ಅರ್ಧ ಭಾಗ ಮಲಗಬೇಕು, ಮಲಗಿದಾಗಲೇ ಚೆನ್ನಾಗಿ ಮೆಲುಕು ಹಾಕುತ್ತದೆ. ಅದಕ್ಕೆ ಒಣ ಜಾಗ, ರಬ್ಬರ್ ಮ್ಯಾಟ್ ಅಥವಾ ಮರಳು, ತೆಂಗಿನ ನಾರಿನ ಹಾಸು ಸಾಕು. ಬೇಸಿಗೆಯಲ್ಲಿ ಕರೆಯುವ ಹಸು ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಕುಡಿಯಬಲ್ಲದು. ದಿನಕ್ಕೆ ಎರಡು ಬಕೆಟ್ ತೋರಿಸುವ ಬದಲು ತೊಟ್ಟಿಯಲ್ಲಿ ಸದಾ ನೀರಿಟ್ಟರೆ ಹಾಲೂ ಏರುತ್ತದೆ. ಹತ್ತಿಪ್ಪತ್ತು ಅಡಿ ಜಾಗಕ್ಕೆ ಬಿದಿರಿನ ಬೇಲಿ ಹಾಕಿ, ಸಂಜೆ ಎರಡು ಗಂಟೆ ಹಗ್ಗ ಬಿಚ್ಚಿಬಿಟ್ಟರೂ ಕಾಲಿನ ತೊಂದರೆ ಕಡಿಮೆಯಾಗುತ್ತದೆ, ಬೆದೆ ಗುರುತಿಸುವುದೂ ಸುಲಭ.

ಕೆಲವು ಊರು ಒಟ್ಟಾಗಿ ಮಾಡುವಂಥವು. ನಿಮ್ಮೂರಿನ ಗೋಮಾಳದ ಸರ್ವೆ ನಂಬರ್, ವಿಸ್ತೀರ್ಣ ನಾಡಕಚೇರಿಯಲ್ಲಿ ಕೇಳಿ. ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ. ಎಷ್ಟು ರಾಸಿದೆ, 97ನೇ ನಿಯಮದಂತೆ ಎಷ್ಟು ಎಕರೆ ಇರಬೇಕು, ಈಗ ಎಷ್ಟಿದೆ ಎಂಬ ಮೂರು ಸಂಖ್ಯೆ ಗ್ರಾಮಸಭೆಯ ನಡಾವಳಿಯಲ್ಲಿ ಬರಲಿ. ಉಳಿದದ್ದು ಹತ್ತು ಎಕರೆಯಾದರೂ ಸರಿ, ಅದಕ್ಕೆ ಬೇಲಿ, ಕಟ್ಟೆ, ಮೇವಿನ ಮರ ಕೇಳಬಹುದು. ಹಾಲಿನ ಸಂಘದ ವಾರ್ಷಿಕ ಸಭೆಯಲ್ಲಿ ಬೋನಸ್ ಜೊತೆಗೆ ಗಂಡುಕರುವಿನ ಮಾತೂ ಎತ್ತಬಹುದು.

ನಗರದ ಓದುಗರೂ ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ಹಸುವಿನ ಮೇಲೆ ಕರುಣೆ ಇರುವುದು ಒಳ್ಳೆಯದೇ. ಆ ಕರುಣೆಯ ಖರ್ಚನ್ನು ಸಗಣಿ ಬಾಚುವವರ ತಲೆಗೇ ಕಟ್ಟಬೇಡಿ. ಕರುವಿನ ಪಾಲಿನ ಹಾಲಿಗೆ, ಮುದಿ ಹಸುವಿನ ಹುಲ್ಲಿಗೆ ಬೇಕಾದ ದುಡ್ಡು ಹಾಲಿನ ಬೆಲೆಯಲ್ಲೇ ಸೇರಬೇಕು.

ಅರಸರು ಬೆಣ್ಣೆಗಾಗಿ, ಸುಲ್ತಾನರು ಫಿರಂಗಿಗಾಗಿ, ನಾವು ಲೀಟರಿಗಾಗಿ ಹಸು ಸಾಕಿದೆವು. ಮೊದಲಿನ ಇಬ್ಬರೂ ದನ ಬೇಕೆಂದಾಗ ಅದಕ್ಕೆ ಬಯಲನ್ನೂ ತೆಗೆದಿಟ್ಟರು. ನಮ್ಮ ಕಾಲ ಹಾಲನ್ನು ಹೆಚ್ಚಿಸಿಕೊಂಡು ಬಯಲನ್ನು ಕಳೆದುಕೊಂಡಿತು. ಪಹಣಿಯಲ್ಲಿ ‘ಗೋಮಾಳ’ ಎಂಬ ಪದ ಇನ್ನೂ ಅಳಿಸಿಲ್ಲ. ಅದರ ಮುಂದಿರುವ ಎಕರೆ, ಗುಂಟೆಯನ್ನು ಈ ವಾರ ಒಮ್ಮೆ ನೋಡಿ ಬನ್ನಿ.